ನಂಬರಿನ ಬುಡ, ನಂಬರಿನ ಬಾಲ

ಕಳೆದ ಸಲ ಪುಸ್ತಕಗಳಿಗೆ ಡ್ಯೂಯಿ ದಶಾಂಶ ನಂಬರು, ಅಂದರೆ ವಿಷಯ ನೋಡಿ ಕಪಾಟಿನ ಜಾಗ ಹೇಳುವ ಅಂಕಿ, ಹಾಕುವ ಬಗ್ಗೆ ಎರಡು ಮಾತು ಬರೆದು, ಸಂಶಯ ಇದ್ದರೆ ಕಾಗದ ಹಾಕಿ ಅಂದಿದ್ದೆ. ಹಾಕಿದ್ದೀರಿ. ಅರ್ಧಕ್ಕಿಂತ ಜಾಸ್ತಿ ಕಾಗದಗಳಲ್ಲಿ ದನ, ಆನೆ, ಹಾವು, ಕೋಳಿ. ಒಂದರಲ್ಲಿ ಮೊಸಳೆಯೂ ಇದೆ. ಹಾಗಾಗಿ ಈ ಸಲದ ಪುಟವನ್ನು ಪ್ರಾಣಿಗಳಿಗೇ ಬಿಟ್ಟುಕೊಟ್ಟಿದ್ದೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕಾಗದಗಳು ಜೋಪಾನವಾಗಿವೆ.

ಪ್ರಶ್ನೆ: ಮಾಷ್ಟ್ರೇ, ನಮ್ಮ ಗ್ರಂಥಾಲಯಕ್ಕೆ ನಿವೃತ್ತ ಪಶುವೈದ್ಯರೊಬ್ಬರು ಎರಡು ಗೋಣಿ ಪುಸ್ತಕ ಕೊಟ್ಟಿದ್ದಾರೆ. ಎಲ್ಲ ಪ್ರಾಣಿಗಳದ್ದೇ. ಪ್ರಾಣಿಗಳಿಗೆ 590 ಅಂತ ನೋಡಿ ಎಲ್ಲದಕ್ಕೂ 590 ಬರೆದು ಒಂದೇ ಕಪಾಟಿಗೆ ಸೇರಿಸಿದೆವು. ಈಗ ನೋಡಿದರೆ ಆನೆಯ ಪುಸ್ತಕವೇ ನಾಲ್ಕಿವೆ, ಒಂದರ ಹಾಗೆ ಒಂದಿಲ್ಲ. ನಾವು ಮಾಡಿದ್ದು ತಪ್ಪಾ?
(ಗ್ರಂಥಾಲಯ ಸಮಿತಿಯ ಕಾರ್ಯದರ್ಶಿ, ಮುಳ್ಳೇರಿಯ)

ಉತ್ತರ: ಗೋಣಿಯಿಂದ ಹೊರಗೆ ತೆಗೆದಿರಲ್ಲ, ಅಷ್ಟರಮಟ್ಟಿಗೆ ಸರಿಯೇ. ಎಷ್ಟೋ ಕಡೆ ಗೋಣಿ ಗೋಣಿಯಾಗಿಯೇ ಉಳಿದು ಗೆದ್ದಲಿಗೆ ಹೋಗುತ್ತದೆ. ಆದರೆ 590 ಮಾತ್ರ ಎಲ್ಲದಕ್ಕೂ ಆಗುವುದಿಲ್ಲ.

590 ಅಂದರೆ ಪ್ರಾಣಿಶಾಸ್ತ್ರ. ಮನುಷ್ಯ ದೂರ ನಿಂತು ಪ್ರಾಣಿಯನ್ನು ನೋಡಿ ಬರೆದ ಪುಸ್ತಕಗಳ ಜಾಗ ಅದು. ಅದನ್ನು ಸಾಕಿದ, ಓಡಿಸಿದ, ಉಳಿಸಿದ, ಮದ್ದು ಹಾಕಿದ ಅಂದ ಕೂಡಲೇ ಪುಸ್ತಕ 630ರ ಕಡೆಗೆ, ಅಂದರೆ ಕೃಷಿಯ ಕಡೆಗೆ ಹೊರಡುತ್ತದೆ. ನಿಮ್ಮ ನಾಲ್ಕು ಆನೆಗಳನ್ನೇ ತೆಗೆದುಕೊಳ್ಳೋಣ, ನೀವು ಕಾಗದದಲ್ಲಿ ಬರೆದ ವಿವರ ಸಾಕು ನನಗೆ.

ಮೊದಲನೆಯದು ಕಾಡಾನೆಯ ಬದುಕು, ಹಿಂಡು, ಮರಿ, ಆಹಾರ. ಅದಕ್ಕೆ 599.67. ಇದರಲ್ಲಿ 599 ಸಸ್ತನಿಗಳದ್ದು, 67 ಆನೆಯದ್ದು.

ಎರಡನೆಯದು ತೋಟಕ್ಕೆ ಇಳಿಯುವ ಆನೆಯದ್ದು. ದೇಲಂಪಾಡಿ, ಕಾರಡ್ಕದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಬಂದು ಬಾಳೆ ಮುರಿದು, ತೆಂಗಿನ ಸಸಿ ಕಿತ್ತು, ಅಡಿಕೆ ಮರ ದೂಡಿ ಹೋಗುವ ಆನೆ. ಬೇಲಿ ಹೇಗೆ ಕಟ್ಟಬೇಕು, ಹೇಗೆ ಓಡಿಸಬೇಕು ಅನ್ನುವುದೇ ಪುಸ್ತಕದ ತಿರುಳು. ಡ್ಯೂಯಿಯ ಲೆಕ್ಕದಲ್ಲಿ ಇದು ಬೆಳೆಗೆ ಬಂದ ಪೀಡೆ. ನಂಬರು 632.6967.

ಮೂರನೆಯದು ಸಾಕಿದ ಆನೆ, ಮಾವುತ, ಸ್ನಾನ, ಮೇವು, ಉತ್ಸವದ ದಿನದ ಜಾಗ್ರತೆ. ಅದಕ್ಕೆ 636.967.

ನಾಲ್ಕನೆಯದು ಆನೆಗಳನ್ನು ಉಳಿಸುವ ಬಗ್ಗೆ, ಕಾರಿಡಾರ್ ಅಂದರೆ ಅವು ಓಡಾಡುವ ದಾರಿಯ ಬಗ್ಗೆ. ಅದು 639.97967.

ಈಗ ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಒಂದರ ಕೆಳಗೆ ಒಂದು ಬರೆದು ನೋಡಿ. ಕೊನೆಯಲ್ಲಿ ಎಲ್ಲದಕ್ಕೂ 67 ಇದೆ, ಅಲ್ವಾ? ಅದೇ ಆನೆಯ ಬಾಲ. ಆನೆ ಯಾವ ಕಪಾಟಿಗೆ ಹೋದರೂ ಬಾಲ ಜೊತೆಗೇ ಹೋಗುತ್ತದೆ. ಬದಲಾಗುವುದು ಬುಡ. ಬುಡದ ನಂಬರು ಮನುಷ್ಯನಿಗೂ ಆನೆಗೂ ಏನು ಸಂಬಂಧ ಅಂತ ಹೇಳುತ್ತದೆ, ಬಾಲದ ನಂಬರು ಯಾವ ಪ್ರಾಣಿ ಅಂತ ಹೇಳುತ್ತದೆ. ನನಗೆ ಇದು ಅರ್ಥವಾಗಲು ಕೆಲಸಕ್ಕೆ ಸೇರಿ ಎರಡು ವರ್ಷ ಬೇಕಾಯಿತು. ಅಲ್ಲಿವರೆಗೆ ಪ್ರತಿ ನಂಬರನ್ನೂ ಬಾಯಿಪಾಠ ಮಾಡುತ್ತಿದ್ದೆ, ಸುಮ್ನೆ.

ಬಾಲ ಕತ್ತರಿಸುವುದು ಎಲ್ಲಿ ಅನ್ನುವುದನ್ನು ಮಾತ್ರ ಶೆಡ್ಯೂಲಿನಲ್ಲಿ, ಅಂದರೆ ಡ್ಯೂಯಿಯ ನಂಬರುಗಳ ಪಟ್ಟಿಯಲ್ಲಿ, ನೋಡಿಯೇ ಮಾಡಬೇಕು. 632.6ರ ಹತ್ತಿರವೂ 639.97ರ ಹತ್ತಿರವೂ, 59 ಬಿಟ್ಟು ಉಳಿದದ್ದನ್ನು ಸೇರಿಸಿ ಅಂತ ಸೂಚನೆ ಇದೆ. 599.67ರಲ್ಲಿ 59 ಬಿಟ್ಟರೆ 967. ಹಾಗಾಗಿ 632.6ಕ್ಕೆ 967 ಸೇರಿ 632.6967. ಆದರೆ 636.9ರ ಹತ್ತಿರ ಬಿಡಬೇಕಾದ್ದು 599. ಉಳಿಯುವುದು ಬರೇ 67, ಹಾಗಾಗಿ 636.967. ಇಲ್ಲಿ ಒಂದು 9 ಹೆಚ್ಚು ಹಾಕಿಬಿಟ್ಟರೆ ಮುಗಿಯಿತು, ನಿಮ್ಮ ದೇವಸ್ಥಾನದ ಆನೆ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಸೂಚನೆ ಇಲ್ಲದ ಕಡೆ ಬಾಲ ಅಂಟಿಸುವ ಹಾಗೆಯೂ ಇಲ್ಲ, ನೋಡಲು ಎಷ್ಟು ಚಂದ ಕಂಡರೂ.

ಕಾಡುಹಂದಿಯ ಪುಸ್ತಕ ಬಂದರೆ ಈಗ ನೀವೇ ಮಾಡಬಹುದು. ಕಾಡಿನಲ್ಲಿ ಅದು 599.6332. ಮರಗೆಣಸಿನ ಗದ್ದೆಗೆ ನುಗ್ಗಿದರೆ 632.696332. ಕಡಲಾಮೆ 597.928, ಅದರ ಮೊಟ್ಟೆ ಕಾಯುವವರ ಪುಸ್ತಕ 639.977928.

ಪ್ರಶ್ನೆ: ನಾನು ಲೈಬ್ರರಿ ಸೈನ್ಸ್ ಕಲಿಯುತ್ತಿದ್ದೇನೆ ಸರ್. ಪರೀಕ್ಷೆಗೆ 'ದನಗಳ ಕೆಚ್ಚಲು ಬಾವು' ಅಂತ ಕೊಟ್ಟು ನಂಬರು ಕಟ್ಟಲು ಹೇಳಿದ್ದರು. ನಾನು 636.2 ಅಂತ ಬರೆದು ಬಿಟ್ಟೆ. ಉತ್ತರ ಹತ್ತು ಅಂಕಿಯದ್ದು ಅಂತ ಆಮೇಲೆ ಗೊತ್ತಾಯಿತು. ಅಷ್ಟುದ್ದ ಹೇಗೆ ಬರುತ್ತದೆ?
(ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ನಿಧಾನಕ್ಕೆ ಕಟ್ಟೋಣ ತಂಗಿ, ಹೆದರುವಂಥದ್ದು ಏನೂ ಇಲ್ಲ.

ದನಕ್ಕೆ 636.2. ಅದು ನೀವು ಬರೆದದ್ದೇ, ಸರಿ ಇದೆ. ಪಶುವೈದ್ಯಕ್ಕೆ ಡ್ಯೂಯಿ ಕೊಟ್ಟ ನಂಬರು 636.089. ಇದರ 089ನ್ನು ಯಾವ ಸಾಕುಪ್ರಾಣಿಯ ಹಿಂದೆಯೂ ಇಡಬಹುದು. ದನದ ವೈದ್ಯ 636.2089, ನಾಯಿಯ ವೈದ್ಯ 636.7089. ಇನ್ನು ಯಾವ ಕಾಯಿಲೆ ಅನ್ನುವುದು ಬೇಕು. ಅದನ್ನು ಡ್ಯೂಯಿ ಮತ್ತೆ ಹೊಸದಾಗಿ ಬರೆದಿಲ್ಲ. ಮನುಷ್ಯರ ವೈದ್ಯದಿಂದಲೇ ಸಾಲ ತಂದುಕೊಳ್ಳಿ ಅನ್ನುತ್ತದೆ. 610ರಿಂದ 618ರವರೆಗಿನ ನಂಬರಿನಲ್ಲಿ 61 ಬಿಟ್ಟು ಉಳಿದದ್ದನ್ನು ಇಲ್ಲಿಗೆ ತನ್ನಿ. ಮನುಷ್ಯರ ಸ್ತನದ ಕಾಯಿಲೆಗಳಿಗೆ 618.19. 61 ಬಿಟ್ಟರೆ 819. ಹಾಗಾಗಿ 636.2, ಆಮೇಲೆ 089, ಆಮೇಲೆ 819: ಒಟ್ಟು 636.2089819.

ಹುಚ್ಚುನಾಯಿ ರೋಗವನ್ನು ಹೀಗೆಯೇ ಮಾಡಿ ನೋಡಿ. ಮನುಷ್ಯರಲ್ಲಿ ರೇಬಿಸ್ 616.953. ನಾಯಿಯಲ್ಲಿ ಅದು 636.70896953. ನಾಟಿ ಮದ್ದಿಗೆ 615.88, ದನಕ್ಕೆ ನಾಟಿ ಮದ್ದು ಅಂದರೆ 636.2089588.

ಇದೇ ಕೆಚ್ಚಲು ಬಾವಿನಲ್ಲಿ ನಾನೂ ಒಮ್ಮೆ ಬಿದ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಈ ವಿಷಯದ್ದೊಂದು ತೆಳ್ಳಗಿನ ಪುಸ್ತಕ ಬಂತು. 618.19 ಹುಡುಕಿ ಒಳಪುಟದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟೆ, ಬುಡ ಆಮೇಲೆ ಸೇರಿಸಿದರಾಯಿತು ಅಂತ. ಅಷ್ಟರಲ್ಲಿ ಊಟದ ಹೊತ್ತಾಯಿತು. ಊಟ ಮಾಡಿ ಬಂದವನು ಆ ಪೆನ್ಸಿಲ್ ನಂಬರನ್ನೇ ಶಾಯಿಯಲ್ಲಿ ಲೇಬಲ್ಲಿಗೆ ಏರಿಸಿದೆ, ಗೋಂದು ಹಚ್ಚಿ ಬೆನ್ನಿಗೆ ಅಂಟಿಸಿದೆ, ರಿಜಿಸ್ಟರಿನಲ್ಲೂ ಹಾಗೆಯೇ ಬರೆದೆ. ಎರಡು ದನ ಸಾಕಿದ್ದ ಒಬ್ಬ ಅಕ್ಕ ಆ ಪುಸ್ತಕ ಬಂದಿದೆಯಂತೆ ಅಂತ ಕೇಳಿಕೊಂಡು ಮೂರು ಸಲ ಬಂದರು. ನಾವಿಬ್ಬರೂ ದನದ ಕಪಾಟು ಪೂರ್ತಿ ತಡಕಿದೆವು. ಇಲ್ಲ. ಮಾರ್ಚಿನಲ್ಲಿ ಪುಸ್ತಕಗಳ ಲೆಕ್ಕ ತೆಗೆಯುವಾಗ ಸಿಕ್ಕಿತು, ಬಸಿರು ಬಾಣಂತನದ ಪುಸ್ತಕಗಳ ನಡುವೆ, ಮುಖಪುಟದಲ್ಲಿ ದನದ ಚಿತ್ರ ಹಾಕಿಕೊಂಡು. ಅವರಿಗೆ ಹೇಳಿ ಕಳಿಸಿದೆ. ಬಂದು ತಿರುವಿ ನೋಡಿ, "ಆ ದನವನ್ನು ಕೊಟ್ಟಾಯಿತು ಮಾಷ್ಟ್ರೇ" ಅಂದರು. ಅಂದಿನಿಂದ ನಂಬರು ಪೂರ್ತಿ ಆಗದೆ ಊಟಕ್ಕೆ ಏಳುವುದಿಲ್ಲ.

ಪ್ರಶ್ನೆ: ಕೇರಳದ ಹಕ್ಕಿಗಳು, ಕೇರಳದ ದನಗಳು, ಕೇರಳದ ಪ್ರಾಣಿಗಳು, ಮೂರು ಪುಸ್ತಕ. ಒಂದಕ್ಕೆ ಒಂದು ಸೊನ್ನೆ, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಸೊನ್ನೆಯೇ ಇಲ್ಲ ಅನ್ನುತ್ತಾರೆ. ಇದೆಂಥ ಲೆಕ್ಕ?
(ಓದುಗರು, ಪೆರ್ಲ)

ಉತ್ತರ: ಊರಿನ ನಂಬರುಗಳು ಬೇರೆ ಪಟ್ಟಿಯಲ್ಲಿವೆ. ಭಾರತಕ್ಕೆ 54, ಕೇರಳಕ್ಕೆ 5483, ಕರ್ನಾಟಕಕ್ಕೆ 5487. ಸಾಮಾನ್ಯವಾಗಿ ಊರಿನ ಮುಂದೆ 09 ಇಟ್ಟು ಸೇರಿಸುತ್ತಾರೆ. ಹಕ್ಕಿ 598, ಹಾಗಾಗಿ 598.095483. ಇಲ್ಲಿ ಒಂದು ಸೊನ್ನೆ.

ದನದಲ್ಲಿ ಒಂದು ಸೊನ್ನೆಯ ಜಾಗವನ್ನು ಆಗಲೇ ಬೇರೆಯವರು ಹಿಡಿದುಕೊಂಡಿದ್ದಾರೆ. 636.2082 ತಳಿ ಬೆಳೆಸುವುದಕ್ಕೆ, 636.2085 ಮೇವಿಗೆ, 636.2089 ವೈದ್ಯಕ್ಕೆ. ಬಸ್ಸಿನಲ್ಲಿ ಮುಂದಿನ ಸೀಟು ಭರ್ತಿಯಾದರೆ ಹಿಂದೆ ಕೂರಬೇಕಲ್ಲ, ಹಾಗೆ ನಿಘಂಟು, ಚರಿತ್ರೆ, ಊರು ಇವಕ್ಕೆಲ್ಲ ಎರಡು ಸೊನ್ನೆ. ಕೇರಳದ ದನಗಳು 636.20095483.

ಒಟ್ಟಾರೆ ಪ್ರಾಣಿಗಳಿಗೆ ಮಾತ್ರ 591.9 ಅಂತ ಊರಿಗಾಗಿಯೇ ಬುಡ ಇಟ್ಟಿದ್ದಾರೆ. ಅದಕ್ಕೆ ನೇರವಾಗಿ ಸೇರಿಸಿ, 591.95483. 590.95483 ಅಂತ ಬರೆದವರನ್ನು ನಾನು ತುಂಬ ನೋಡಿದ್ದೇನೆ, ಹಳೇ ಲೈಬ್ರರಿಯನ್ನರನ್ನೂ ಸೇರಿಸಿ.

ಕಾಸರಗೋಡಿಗೇ ಅಂತ ಬೇರೆ ಅಂಕಿ ಹುಡುಕುತ್ತಾ ಕೂರಬೇಡಿ. ರಾಜ್ಯಕ್ಕೆ ನಿಲ್ಲಿಸಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಾಸರಗೋಡು ಗಿಡ್ಡ ದನಗಳಿವೆ. ಊರಿನ ವಾಚನಾಲಯದಲ್ಲಿ ಈ ತಳಿಯ ಬಗ್ಗೆ ಕನ್ನಡದ್ದೊಂದು, ಮಲಯಾಳದ್ದೊಂದು ಪುಸ್ತಕ ಇದೆ. ಎರಡಕ್ಕೂ ಬೇರೆ ಬೇರೆ ನಂಬರು ಹಾಕಿದ್ದಾರೆ. ಒಂದೇ ದನ ಅಲ್ವಾ ಮಾಷ್ಟ್ರೇ?
(ಕೃಷಿಕರು, ಬದಿಯಡ್ಕ)

ಉತ್ತರ: ಒಂದೇ ದನ, ಒಂದೇ ನಂಬರು. ಭಾಷೆ ಬೇರೆಯಾದರೆ ಲೇಬಲ್ಲಿನಲ್ಲಿ ನಂಬರಿನ ಮೇಲೆ 'ಕ' ಅಂತಲೋ 'ಮ' ಅಂತಲೋ ಬರೆದರೆ ಸಾಕು. ನಮ್ಮ ಕಡೆ ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ನಾಲ್ಕೂ ಒಂದೇ ಕೋಣೆಯಲ್ಲಿ ಇರುವಾಗ ಇದು ಬೇಕೇ ಬೇಕು. ಭಾಷೆಗೊಂದು ಕಪಾಟು ಮಾಡಿದರೂ ತೊಂದರೆ ಇಲ್ಲ, ನಂಬರು ಮಾತ್ರ ಬದಲಾಯಿಸಬಾರದು.

ಯಾವ ನಂಬರು ಅಂತ ಕೇಳಿದರೆ ನನಗೆ ಸ್ವಲ್ಪ ಕೋಪ ಬರುತ್ತದೆ, ನಿಮ್ಮ ಮೇಲೆ ಅಲ್ಲ. ಡ್ಯೂಯಿ ಅಮೆರಿಕದವನು, ಮೊದಲ ಆವೃತ್ತಿ 1876ರದ್ದು. ಅವರು ಕಂಡ ದನಗಳು ಅವರ ಊರಿನವು. ಹಾಗಾಗಿ 636.22ರಿಂದ 636.28ರವರೆಗೆ ಹೆಚ್ಚಾಗಿ ಪಶ್ಚಿಮದ ತಳಿಗಳೇ ಹರಡಿ ಕೂತಿವೆ. ಜೆರ್ಸಿಗೆ 636.224, ಹೋಲ್‌ಸ್ಟೀನ್‌ಗೆ 636.234. ಡುಬ್ಬ ಇರುವ ನಮ್ಮ ಊರ ದನಗಳನ್ನೆಲ್ಲ ಒಟ್ಟು ಸೇರಿಸಿ 636.291ರಲ್ಲಿ ಕಟ್ಟಿಹಾಕಿದ್ದಾರೆ. ಪಕ್ಕದಲ್ಲಿ 636.293ಕ್ಕೆ ಎಮ್ಮೆ, ಸ್ವಲ್ಪ ಆಚೆ 636.295ಕ್ಕೆ ಒಂಟೆ. ನಿಮ್ಮ ಗಿಡ್ಡ ದನ ಈ ಹಟ್ಟಿಯಲ್ಲೇ ಇರಬೇಕು. ಒಂದೇ ನಂಬರಿನಲ್ಲಿ ಐದಾರು ತಳಿಯ ಪುಸ್ತಕ ಸೇರಿದರೆ, ಕಪಾಟಿನ ಅಂಚಿಗೆ ತಳಿಯ ಹೆಸರಿನ ಚೀಟಿ ಅಂಟಿಸಿ. ನಿಯಮ ಮುರಿದ ಹಾಗೆ ಆಗುವುದಿಲ್ಲ.

ಹಾಲಿನ ಪುಸ್ತಕ ಬಂದರೆ ಒಂದು ಜಾಗ್ರತೆ. ಹಾಲು ಕೊಡುವ ದನವನ್ನು ಸಾಕುವುದು 636.2142. ಹಾಲು ಪಾತ್ರೆಗೆ ಬಿದ್ದ ಮೇಲೆ ಕತೆ ಬೇರೆ, ಅದು 637.1. ಬೆಣ್ಣೆ 637.2. ಜೇನಿನಲ್ಲೂ ಹೀಗೆಯೇ, ಹುಳ 595.799, ಸಾಕಣೆ 638.1.

ಪ್ರಶ್ನೆ: ಶಾಲೆಯಲ್ಲಿ ಮಕ್ಕಳು ಹಾವಿನ ಪುಸ್ತಕ ಕೇಳುತ್ತಾರೆ. ನಾನು ಎಲ್ಲವನ್ನೂ ಒಟ್ಟಿಗೆ ಇಡಬಹುದಾ?
(ಅಧ್ಯಾಪಿಕೆ, ಮಂಜೇಶ್ವರ)

ಉತ್ತರ: ಮಕ್ಕಳಿಗೆ ತೋರಿಸಲು ಒಂದು ವಾರ ಮೇಜಿನ ಮೇಲೆ ಒಟ್ಟಿಗೆ ಇಡಿ, ಚಂದವೇ. ಆಮೇಲೆ ಅವು ಅವುಗಳ ಬಿಲಕ್ಕೆ ಹೋಗಲಿ. ಹಾವು 597.96, ಅದರಲ್ಲೂ ನಾಗರಹಾವು ಬೇಕಾದರೆ 597.9642. ಹಾವಿನ ವಿಷದ ಪುಸ್ತಕ 615.942, ಅದು ವೈದ್ಯದ ಕಪಾಟು. ಹಾವಿನ ಜನಪದ ಕತೆ 398.245. ನಾಗಾರಾಧನೆ 294.5, ಅಂದರೆ ಹಿಂದೂ ಧರ್ಮ. ಹಾವು ಸಾಕುವವರ ಪುಸ್ತಕಕ್ಕೆ 639.396 ಅಂತ ಒಂದು ಜಾಗ ಇದೆ, ಹೊರದೇಶದವರು ಅದನ್ನು ಚೆನ್ನಾಗಿ ತುಂಬುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆ ಇರುವುದರಿಂದ ಅದು ಖಾಲಿ ಇದ್ದರೇ ಒಳ್ಳೆಯದು.

ಬಾವಲಿಯನ್ನು ಹಕ್ಕಿಗಳ ಜೊತೆ ಇಟ್ಟಿದ್ದೀರಿ ಅಂತ ಬರೆದಿದ್ದೀರಲ್ಲ, ದಯವಿಟ್ಟು ತೆಗೆಯಿರಿ ಟೀಚರ್. ಅದು 599.4, ಸಸ್ತನಿ. ಮಕ್ಕಳೇ ನಿಮ್ಮನ್ನು ಹಿಡಿಯುತ್ತಾರೆ.

ಪ್ರಶ್ನೆ: ಕಂಬಳ ಮತ್ತು ಕೋಳಿ ಅಂಕ ಎರಡೂ 636ರಲ್ಲಿ ಇವೆ ನಮ್ಮಲ್ಲಿ. ಕೋಣ ಸಾಕುಪ್ರಾಣಿ, ಕೋಳಿಯೂ ಸಾಕುಪ್ರಾಣಿ ಅಂತ ಅವರ ವಾದ.
(ಓದುಗರು, ಪೈವಳಿಕೆ)

ಉತ್ತರ: ವಾದ ಚೆನ್ನಾಗಿದೆ, ಜಾಗ ತಪ್ಪು. ಓಟದ ಕೋಣಕ್ಕೆ ಏನು ತಿನ್ನಿಸಬೇಕು ಅನ್ನುವ ಪುಸ್ತಕವಾದರೆ ಮಾತ್ರ 636. ಕಂಬಳ ಅನ್ನುವ ಆಟದ ಪುಸ್ತಕ ಪ್ರಾಣಿಗಳ ಓಟದ 798ಕ್ಕೆ. ಕೋಳಿ ಅಂಕ 791.8. ಇವು ಸರಿಯಾ, ಹಿಂಸೆಯಾ ಅಂತ ಚರ್ಚೆ ಮಾಡುವ ಪುಸ್ತಕ 179.3.

ಪ್ರಶ್ನೆ: 636.2089819 ಇಷ್ಟು ದೊಡ್ಡ ನಂಬರು. ಅದು 636.7ಕ್ಕಿಂತ ಮೊದಲು ಬರುತ್ತದೆ ಅಂತ ನಮ್ಮ ಹುಡುಗ ಒಪ್ಪುವುದೇ ಇಲ್ಲ.
(ಓದುಗರು, ನೀರ್ಚಾಲು)

ಉತ್ತರ: ಅವನಿಗೆ ನಿಘಂಟು ಕೊಡಿ. 'ಅಡಿಕೆಮರ' ಉದ್ದ ಇದೆ ಅಂತ 'ಆನೆ'ಯ ನಂತರ ಬರುತ್ತದಾ? ಚುಕ್ಕಿಯ ನಂತರ ಒಂದೊಂದೇ ಅಂಕಿ ಹೋಲಿಸಬೇಕು. 2 ಮೊದಲು, 7 ಆಮೇಲೆ, ಅಷ್ಟೇ. ಅಂದ ಹಾಗೆ ಸಣ್ಣ ಗ್ರಂಥಾಲಯದಲ್ಲಿ ಇಷ್ಟುದ್ದದ ನಂಬರು ಬೇಕೇ ಅಂತ ನೀವು ಯೋಚಿಸುತ್ತಿರಬಹುದು. ಬೇಡ. ಇಪ್ಪತ್ತು ಸಾವಿರದ ಒಳಗೆ ಪುಸ್ತಕ ಇರುವವರಿಗೆ ಅಂತಲೇ ಡ್ಯೂಯಿಯ ಸಂಕ್ಷಿಪ್ತ ಆವೃತ್ತಿ ಇದೆ, ಹದಿನೈದನೆಯದು 2012ರಲ್ಲಿ ಬಂತು. ದನದ ವೈದ್ಯದ ಪುಸ್ತಕ ಮೂರೇ ಇದ್ದರೆ 636.2089ಕ್ಕೆ ನಿಲ್ಲಿಸಿ. ಆದರೆ ನಿಲ್ಲಿಸುವಾಗ ಅರ್ಥ ಉಳಿಯುವ ಕಡೆ ನಿಲ್ಲಿಸಬೇಕು, ಲೇಬಲ್ಲಿನಲ್ಲಿ ಜಾಗ ಮುಗಿದ ಕಡೆ ಅಲ್ಲ.

ಪ್ರಶ್ನೆ: ಗ್ರಂಥಾಲಯ ತಜ್ಞ ರಂಗನಾಥನ್ ಅವರ ದ್ವಿಬಿಂದು ವರ್ಗೀಕರಣ ಪದ್ಧತಿಯಲ್ಲಿ ಪ್ರಾಣಿಗಳಿಗೆ ಇದಕ್ಕಿಂತ ಸುಲಭ ಅಂತ ಕೇಳಿದ್ದೇನೆ. ನಿಜವಾ?
(ಓದುಗರು, ಕಾಸರಗೋಡು)

ಉತ್ತರ: ಸುಲಭ ಅನ್ನಲಾರೆ, ಬುದ್ಧಿವಂತಿಕೆ ಜಾಸ್ತಿ ಅನ್ನುತ್ತೇನೆ. ಅಲ್ಲಿ ಪ್ರಾಣಿಶಾಸ್ತ್ರಕ್ಕೆ 'ಕೆ', ಪಶುಸಂಗೋಪನೆಗೆ 'ಕೆಎಕ್ಸ್'. ಪ್ರಾಣಿ ಯಾವುದು, ಅದಕ್ಕೆ ಏನಾಗಿದೆ, ಎಲ್ಲಿ, ಯಾವಾಗ, ಎಲ್ಲವನ್ನೂ ಬಿಡಿ ಬಿಡಿ ತುಂಡು ಮಾಡಿ ಚಿಹ್ನೆಗಳಿಂದ ಜೋಡಿಸುತ್ತಾರೆ. ಲಂಡನ್ನಿನ ಅಂಗಡಿಯಲ್ಲಿ ತುಂಡು ತುಂಡು ಜೋಡಿಸುವ ಮಕ್ಕಳ ಮೆಕ್ಯಾನೊ ಆಟಿಕೆ ಕಂಡು ಅವರಿಗೆ ಈ ಯೋಚನೆ ಬಂದದ್ದು, ಪುಸ್ತಕವಾಗಿ ಬಂದದ್ದು 1933ರಲ್ಲಿ. ಡ್ಯೂಯಿಯ ಬುಡ ಬಾಲಕ್ಕೆ ಸೂಚನೆ ಬೇಕು, ಇಲ್ಲಿ ಜೋಡಣೆಯೇ ಪದ್ಧತಿ. ನಮ್ಮ ಕಡೆಯವರು ಇನ್ನೊಂದು ವಿಷಯ ತಿಳಿದಿರಬೇಕು. ಲೈಬ್ರರಿಯನ್ ಆಗುವ ಮೊದಲು ರಂಗನಾಥನ್ ಗಣಿತದ ಮೇಷ್ಟ್ರು. 1917ರಲ್ಲಿ ಕೆಲಸಕ್ಕೆ ಸೇರಿದ್ದು ಮಂಗಳೂರಿನ ಸರಕಾರಿ ಕಾಲೇಜಿಗೆ. ಆಗ ಕಾಸರಗೋಡೂ ಅದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು.

ನಿಮ್ಮ ಗ್ರಂಥಾಲಯದಲ್ಲಿ ಈಗಾಗಲೇ ಡ್ಯೂಯಿ ಇದ್ದರೆ ಅದನ್ನೇ ಮುಂದುವರಿಸಿ. ನಡುವೆ ಬದಲಾಯಿಸುವುದು ಬೇಡ.

ಪ್ರಶ್ನೆ: ಅನಂತಪುರ ಕ್ಷೇತ್ರದ ಬಬಿಯಾ ಮೊಸಳೆಯ ಬಗ್ಗೆ ಒಂದು ಕಿರುಪುಸ್ತಕ, ಎರಡು ಪ್ರತಿ ಬಂದಿದೆ. ಒಬ್ಬರು ಮೊಸಳೆ ಕಪಾಟು ಅನ್ನುತ್ತಾರೆ, ಇನ್ನೊಬ್ಬರು ದೇವಸ್ಥಾನದ ಕಪಾಟು ಅನ್ನುತ್ತಾರೆ. ಜಗಳ ಬೇಡ ಅಂತ ಒಂದೊಂದು ಪ್ರತಿ ಒಂದೊಂದು ಕಡೆ ಇಡಲಾ?
(ಗ್ರಂಥಪಾಲಕಿ, ಕುಂಬಳೆ ಹತ್ತಿರ)

ಉತ್ತರ: ಬೇಡ ಅಕ್ಕ. ಒಂದು ಪುಸ್ತಕಕ್ಕೆ ಒಂದೇ ನಂಬರು, ಹತ್ತು ಪ್ರತಿ ಇದ್ದರೂ.

ಪುಸ್ತಕ ತೆರೆದು ವಿಷಯಸೂಚಿ ನೋಡಿ. ಮೊಸಳೆಯ ಹಲ್ಲು, ಮೊಟ್ಟೆ, ಆಯುಷ್ಯ, ಬೇರೆ ಮೊಸಳೆಗಳು ಅಂತ ಇದ್ದರೆ 597.982. ನೀವು ಬರೆದಂತೆ ಕೆರೆ ನಡುವಿನ ಗುಡಿ, ಸ್ಥಳಪುರಾಣ, ಬಬಿಯಾ ನೈವೇದ್ಯದ ಅನ್ನ ತಿನ್ನುತ್ತಿದ್ದದ್ದು, 2022ರ ಅಕ್ಟೋಬರಿನಲ್ಲಿ ಅದು ತೀರಿಕೊಂಡಾಗ ಜನ ಸೇರಿದ್ದು, ಇಷ್ಟೇ ಇದ್ದರೆ ಅದು ಪುಣ್ಯಕ್ಷೇತ್ರದ ಪುಸ್ತಕ. 294.535. ಮುಖಪುಟದಲ್ಲಿ ಮೊಸಳೆ ಎಷ್ಟೇ ದೊಡ್ಡದಾಗಿ ಬಾಯಿ ತೆರೆದುಕೊಂಡಿದ್ದರೂ ಮರುಳಾಗಬೇಡಿ. ಎರಡು ವಿಷಯ ಸಮಸಮ ಇದ್ದರೆ ಶೆಡ್ಯೂಲಿನಲ್ಲಿ ಮೊದಲು ಬರುವ ನಂಬರು ಹಾಕಬೇಕು ಅಂತ ನಿಯಮ. ಆಗಲೂ 294 ಮೊದಲು, 597 ಆಮೇಲೆ. ಹೇಗೆ ನೋಡಿದರೂ ದೇವಸ್ಥಾನದವರೇ ಗೆದ್ದರು.

ಸೋತವರನ್ನೂ ಸಮಾಧಾನ ಮಾಡಬೇಕಲ್ಲ. ಒಂದು ರಟ್ಟಿನ ತುಂಡನ್ನು ಪುಸ್ತಕದ ಅಳತೆಗೆ ಕತ್ತರಿಸಿ, ಮೊಸಳೆ ಕಪಾಟಿನಲ್ಲಿ 597.982ರ ಜಾಗದಲ್ಲಿ ನಿಲ್ಲಿಸಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ: ಬಬಿಯಾ ದೇವಸ್ಥಾನದಲ್ಲಿದೆ, 294.535 ನೋಡಿ.